ವೆಲ್ಷ್ ಮುದುಕನ ಬೆನ್ನುನೋವು

ವೆಲ್ಷ್ ಭಾಷೆ ಕನ್ನಡದಿಂದಲೇ ಹುಟ್ಟಿತೆಂದು ಜಗತ್ತಿಗೆ ಸಾರುವ ಹೊಣೆ, ಆಳಂದದಲ್ಲಿ ಕನ್ನಡ ಕಲಿಸುತ್ತಿದ್ದ ನನ್ನ ಹೆಗಲಿಗೆ ಬಿದ್ದದ್ದು ಎಂಬತ್ತರ ದಶಕದಲ್ಲಿ. ಯಾರೂ ಹೊರಿಸಿರಲಿಲ್ಲ. ನಾನೇ ಹೊತ್ತುಕೊಂಡೆ!

ನಮ್ಮ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕ ಖಾದರ್ ಸಾಹೇಬರು ಹೈದರಾಬಾದಿನ ಹಳೆ ಪುಸ್ತಕಗಳ ರಾಶಿಯಿಂದ ಒಂದು ವೆಲ್ಷ್ ಬಾಲಬೋಧೆಯನ್ನೂ ಒಂದು ನಿಘಂಟನ್ನೂ ಹೆಕ್ಕಿ ತಂದಿದ್ದರು. ವೇಲ್ಸ್ ಎಂಬುದು ಇಂಗ್ಲೆಂಡಿನ ಮಗ್ಗುಲಿನ ನಾಡು, ಅಲ್ಲಿಯ ಭಾಷೆ ಕೆಲ್ಟಿಕ್ ಮನೆತನದ್ದು ಎಂದು ಅವರೇ ತಿಳಿಸಿದರು. ಬಾಲಬೋಧೆಯಲ್ಲಿ ಬಾಗಿ ಕುಳಿತ ಮುದುಕನ ಚಿತ್ರವಿತ್ತು. ಅವನ ‘ಬೆನ್’ ನೋಯುತ್ತಿದೆ ಎಂದು ಕೆಳಗೆ ಬರೆದಿತ್ತು. ನೋವಿನ ಪದ ನಿಘಂಟಿನಲ್ಲಿ ಸಿಕ್ಕಿತು. ‘ಬೆನ್’ ಮಾತ್ರ ‘ಬ’ ಭಾಗವನ್ನೆಲ್ಲ ತಡಕಿದರೂ ಇಲ್ಲ! ಚಿತ್ರ ನೋಡಿ ತಿಳಿಯೋಣವೆಂದರೆ ಮುದುಕನ ಕುತ್ತಿಗೆಯಿಂದ ಮೇಲಿನದನ್ನು ಗೆದ್ದಲು ತಿಂದಿತ್ತು. ಉಳಿದದ್ದು ಬೆನ್ನು. ವೆಲ್ಷ್ ನಿಘಂಟಿನಲ್ಲೇ ಇಲ್ಲದ ಪದ ವೆಲ್ಷ್ ಹೇಗಾದೀತು? ಅದು ನಮ್ಮ ಕನ್ನಡದ ಬೆನ್ನು!

ಬಾಲಬೋಧೆಯ ‘ಗಾಥ್’ ಕೂಡ ನಿಘಂಟಿನಲ್ಲಿ ಸಿಗಲಿಲ್ಲ. ನಮ್ಮ ಗಾತ್ರ! ‘ದಾದ್’ ಕೂಡ ಸಿಗಲಿಲ್ಲ.

“ದಾದಾ ನಮ್ದು ರೀ, ಉರ್ದು,” ಎಂದು ಖಾದರ್ ಸಾಹೇಬರು ತಕರಾರು ತೆಗೆದರು.

“ತಗೋರಿ, ಅದೊಂದು ನಿಮಗ ಬಿಟ್ಟೇನಿ,” ಎಂದೆ. ಸಂಶೋಧಕನಿಗೆ ಔದಾರ್ಯ ಇರಬೇಕು.

ಅಲ್ಲಿಗೇ ಸುಮ್ಮನಿರಬಹುದಿತ್ತು. ಆದರೆ ಕರಜಗಿಯಲ್ಲಿ ನನ್ನ ಮಾವನವರಿದ್ದರು, ನಿವೃತ್ತ ಕನ್ನಡ ಮಾಸ್ತರರು. ಮದುವೆಯಾದಾಗಿನಿಂದ ನನ್ನ ವಿದ್ವತ್ತಿನ ಬಗ್ಗೆ ಅವರ ಬಾಯಿಂದ ಒಂದು ಒಳ್ಳೆಯ ಮಾತು ಹೊರಟಿರಲಿಲ್ಲ. ಆ ಒಂದು ಮಾತಿನ ಆಸೆಗೆ ಕಾಲೇಜಿನಲ್ಲಿ ಉಪನ್ಯಾಸ ಇಟ್ಟುಕೊಂಡೆ. ಅವರನ್ನೇ ಅಧ್ಯಕ್ಷರನ್ನಾಗಿ ಕರೆದೆ. ವಚನಗಳ ಅಧ್ಯಯನಕ್ಕೆಂದು ಗುಲಬರ್ಗಾಕ್ಕೆ ಬಂದಿದ್ದ ವೇಲ್ಸಿನ ವಿದುಷಿ ಗ್ವೆನ್‌ಬಾಯಿಯವರು ಮುಖ್ಯ ಅತಿಥಿ.

“ಮೊದ್ಲ ಆ ಬಾಯಾರನ್ನ ಒಂದ್ ಮಾತು ಕೇಳ್ರಿ,” ಎಂದಳು ಹೆಂಡತಿ ಶಾಂತಾ.

“ಮೊದ್ಲ ಹೇಳಿಬಿಟ್ರ ಸಿದ್ಧಾಂತಕ್ಕ ಕಿಮ್ಮತ್ತು ಇರೂದಿಲ್ಲ!” ಎಂದೆ.

ಸಭೆ ತುಂಬಿತ್ತು. ನಾನು ಗಂಭೀರವಾಗಿ ಸಭಿಕರತ್ತ ಬೆನ್ನು ತಿರುಗಿಸಿ, ಅದನ್ನು ತಟ್ಟಿಕೊಂಡು, “ಬೆನ್!” ಎಂದು ಘೋಷಿಸಿದೆ. ಗ್ವೆನ್‌ಬಾಯಿಯವರು ಎದ್ದು ತಮ್ಮ ತಲೆ ಮುಟ್ಟಿಕೊಂಡು, “ಬೆನ್,” ಎಂದರು. ಪಾಪ, ನನ್ನ ಉಪನ್ಯಾಸದಿಂದ ತಲೆನೋವು ಬಂದಿದೆ ಎಂದುಕೊಂಡು ಮತ್ತೆ ಬೆನ್ನು ತಟ್ಟಿಕೊಂಡೆ. ಅವರು ಮತ್ತೆ ತಲೆ ಮುಟ್ಟಿಕೊಂಡರು. ಸಭಿಕರು ಇದು ವೇಲ್ಸಿನ ಕುಣಿತವೇ ಇರಬೇಕೆಂದು ಚಪ್ಪಾಳೆ ತಟ್ಟಿದರು!

ಕೊನೆಗೆ ಆಕೆ ನಿಧಾನವಾದ ಕನ್ನಡದಲ್ಲಿ ಹೇಳಿದರು: “ನಮ್ಮಲ್ಲಿ ಪೆನ್ ಅಂದರೆ ತಲೆ. ‘ಅವನ ತಲೆ’ ಅನ್ನುವಾಗ ಬೆನ್ ಆಗುತ್ತದೆ. ನಿಘಂಟಿನಲ್ಲಿ ‘ಪ’ ನೋಡಬೇಕು.” ಬೋರ್ಡಿನ ಮೇಲೆ ಬರೆದೂ ತೋರಿಸಿದರು. ಹಿಂದೆ ‘ಅವನ’ ಬಂದರೆ, ಬೆಕ್ಕು ‘ಕಾಥ್’ ಇದ್ದದ್ದು ‘ಗಾಥ್’, ತಂದೆ ‘ತಾದ್’ ಇದ್ದದ್ದು ‘ದಾದ್’.

ಮಾವನವರು ಕುರ್ಚಿ ಬಿಟ್ಟು ಎದ್ದರು. “ಕ ತ ಪ ಹೋಗಿ ಗ ದ ಬ! ಇದು ನಮ್ಮ ಆದೇಶ ಸಂಧಿ ಅಲ್ಲೇನ್ರಿ!”

ಮಳೆ, ಕಾಲ ಸೇರಿ ಮಳೆಗಾಲ ಎಂದು ವರ್ಷಗಟ್ಟಲೆ ಹುಡುಗರ ತಲೆ ತಿಂದವನು ನಾನು! ಮಾವನವರು ಮೈಕಿನತ್ತ ಬಂದರು. ಇನ್ನು ನನ್ನ ಮಾನ ಉಳಿಯುವುದೂ ಹೋಗುವುದೂ ಅವರ ನಾಲಗೆಯ ಮೇಲಿತ್ತು.

“ಒಳ್ಳೆ ಮಾಸ್ತರ ಬೇಕಂತನ ತಪ್ಪು ಹೇಳ್ತಾನ, ಕೇಳೋರು ತಿದ್ದಲಿ ಅಂತ. ನಮ್ಮ ಅಳಿಯಂದಿರು ಇವತ್ತ ಅದನ್ನ ಮಾಡ್ಯಾರ!”

ಮತ್ತೆ ಚಪ್ಪಾಳೆ! ಅಲ್ಲೇ ಅವರ ಕಾಲಿಗೆ ಬಿದ್ದುಬಿಡೋಣ ಎನ್ನಿಸಿತು.

ಮನೆಗೆ ಬಂದು ಊಟಕ್ಕೆ ಕೂತೆವು. ನಾನು ರೊಟ್ಟಿಗೆ ಕೈ ಹಾಕುವಷ್ಟರಲ್ಲಿ ಮಾವನವರು ಕೆಮ್ಮಿದರು.

“ಅಳಿಯಂದಿರ, ಎದ್ದು ನಿಂತು ‘ಬೆಟ್ಟದಾವರೆ’ ಬಿಡಿಸ್ರಿ ನೋಡೂಣು.”

ನಿಂತೆ. “ಬೆಟ್ಟ, ತಾವರೆ. ‘ತ’ ಹೋಗಿ ‘ದ’ ಬಂತು. ಆದೇಶ ಸಂಧಿ, ಮಾವಾರ.”

“ಶಾಣ್ಯಾ ಇದ್ದೀರಿ. ಕೂಡ್ರಿ.”

ಸಭೆಯಲ್ಲಿ ಆಡಿದ್ದು ಮಾನ ಉಳಿಸುವ ಮಾತು. ಇಷ್ಟು ವರ್ಷ ಕಾದ ಒಳ್ಳೆಯ ಮಾತು ಈಗ ಬಂದಿತ್ತು, ಶಾಲಾ ಹುಡುಗರ ಪಾಠ ಒಪ್ಪಿಸಿದ್ದಕ್ಕೆ! ಶಾಂತಾ ನಗು ತಡೆಯುತ್ತ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. “ಎಲ್ಲೈತ್ರಿ ನಿಮ್ಮ ತಲಿ?” ಎಂದಳು.

ಈ ಸಲ ಸರಿಯಾದ ಜಾಗವನ್ನೇ ಮುಟ್ಟಿ ತೋರಿಸಿದೆ.