ಮಳವಳ್ಳಿಯಲ್ಲಿ ಮಗಳು, ಬಸ್ಸಿನಲ್ಲಿ ಸೀಟು

ಮಕ್ಕಳನ್ನು ಓದಿಸುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಓದುವ ಜಾಗಕ್ಕೆ ಅವರನ್ನು ತಲುಪಿಸುವುದು ಅದಕ್ಕಿಂತ ಕಷ್ಟವೆಂದು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಮೇಘನಾ ಮೈಸೂರಿನ ಕಾಲೇಜಿಗೆ ಸೇರಿದ ದಿನ ನಮ್ಮ ಯಜಮಾನರು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಯನ್ನು ಮಳವಳ್ಳಿ ಮಾಡಿ, ಮಜ್ಜಿಗೆ ಲೋಟವನ್ನು ಮೈಸೂರು ಮಾಡಿ ದಾರಿಗಳನ್ನು ವಿವರಿಸಿದರು. ಕಿರುಗಾವಲು, ಬನ್ನೂರಿನ ಮೇಲೆ ಬಸ್ಸು. ಇಲ್ಲವೇ ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಬಸ್ಸು ಸ್ವಲ್ಪ ತಡವಾದರೆ ವಡೆ ತಿನ್ನುತ್ತ ಮುಂದಿನ ರೈಲಿಗೆ ಕಾಯುವುದು. ಎರಡೂ ಆಗದಿದ್ದರೆ ಹಾಸ್ಟೆಲು. ಹಾಸ್ಟೆಲು ಎನ್ನುವಾಗ ಅವರು ಸಾರಿನ ಪಾತ್ರೆಯ ಮುಚ್ಚಳವನ್ನು ಮಜ್ಜಿಗೆ ಲೋಟದ ಪಕ್ಕ ಇಟ್ಟರು. ನಾನು ಅದನ್ನು ತೆಗೆದು ಪಾತ್ರೆಗೇ ಮುಚ್ಚಿದೆ.

"ನಿಂತ್ಕೊಂಡು ಹೋಗಿ ನಿಂತ್ಕೊಂಡು ಬಂದು ಇವಳು ಓದೋದು ಯಾವಾಗ? ದಸರಾವರೆಗೆ ಬಸ್ಸಲ್ಲಿ ಹೋಗಲಿ. ಸುಸ್ತಾದ್ರೆ ಹಾಸ್ಟೆಲ್ಲೇ ಸರಿ," ಎಂದರು. ಸೀಟು ಸಿಕ್ಕರೆ ಸುಸ್ತಾಗುವುದಿಲ್ಲ; ಸುಸ್ತಾಗದಿದ್ದರೆ ಮಗಳು ರಾತ್ರಿ ಮನೆಯಲ್ಲೇ ಮಲಗುತ್ತಾಳೆ. ಹೀಗೆ ಯೋಚಿಸಿ ಸೀಟು ಹಿಡಿಯುವ ಹೊಣೆಯನ್ನು ನಾನೇ ಹೊತ್ತೆ.

ಆ ಕೆಲಸಕ್ಕೆ ಬೇಕಾದ ವಿದ್ಯೆ ನನ್ನಲ್ಲಿರಲಿಲ್ಲ. ನಾನು ಓದಿದ್ದು ಮಂಡ್ಯದ ಕಾನ್ವೆಂಟಿನಲ್ಲಿ. ನೀರು ಕುಡಿಯಲೂ ಸಾಲು, ಕೈ ತೊಳೆಯಲೂ ಸಾಲು. ಜೋರಾಗಿ ಮಾತಾಡಿದವರು ಬಾಗಿಲ ಹೊರಗೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮೊದಲ ದಿನ ನಾನು ಸಾಲಿನಲ್ಲಿ ನಿಂತೆ. ಆ ಸಾಲಿನಲ್ಲಿ ಇದ್ದವಳು ನಾನೊಬ್ಬಳೇ. ಬಸ್ಸು ನಿಲ್ಲುವ ಮೊದಲೇ ಕಿಟಕಿಗಳ ಒಳಗೆ ಟವೆಲು, ಪುಸ್ತಕ, ಟಿಫನ್ ಕ್ಯಾರಿಯರು, ಕೊನೆಗೆ ಒಂದು ಹೂಕೋಸು ಕೂಡ ಹಾರಿಹೋಗಿ ಸೀಟುಗಳಲ್ಲಿ ಕೂತವು. ಯಾರ ವಸ್ತು ಕೂತಿದೆಯೋ ಸೀಟು ಅವರದು. ಈ ಕಾನೂನನ್ನು ನಮ್ಮ ಕಡೆ ಎಂಥ ಜಗಳಗಂಟರೂ ಮೀರುವುದಿಲ್ಲ. ಕೆಲವೇ ದಿನಗಳಲ್ಲಿ ನಾನೂ ಕರ್ಚೀಫನ್ನು ಗಂಟು ಹಾಕಿ, ಗುರಿ ನೋಡಿ ಎಸೆಯಲು ಕಲಿತೆ. ಕಾನ್ವೆಂಟಿನಲ್ಲಿ ಥ್ರೋಬಾಲ್ ಆಡಿಸಿದ್ದರ ಉಪಯೋಗ ಆಗ ತಿಳಿಯಿತು.

ಮೇಘನಾಳ ಮೊದಲ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಾತ್ರ ಕರ್ಚೀಫನ್ನು ನಂಬಲು ಮನಸ್ಸಾಗಲಿಲ್ಲ. ಅವಳು ಗ್ರಾಫ್ ಹಾಳೆ ತರಲು ಅಂಗಡಿಗೆ ಹೋದಾಗ ನಾನೇ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಪಕ್ಕದ ಸೀಟಿನಲ್ಲಿ ಅವಳ ಬಿಳಿ ಕೋಟಿನ ಚೀಲ ಇಟ್ಟೆ. ಆ ಕೋಟಿಲ್ಲದೆ ಲ್ಯಾಬಿನೊಳಗೆ ಬಿಡುವುದಿಲ್ಲ. ಅಷ್ಟರಲ್ಲಿ ಬಸ್ಸು ಹೊರಟಿತು.

ಬೇರೆ ಯಾರೇ ಆಗಿದ್ದರೂ "ಓಲ್ಡಾನ್!" ಎಂದು ಕೂಗಿ ಬಸ್ಸು ನಿಲ್ಲಿಸಿ ಇಳಿಯುತ್ತಿದ್ದರು. ನಾನು ಮೆಲ್ಲಗೆ "ಎಕ್ಸ್‌ಕ್ಯೂಸ್ ಮಿ" ಎಂದೆ. ಕಂಡಕ್ಟರು ತಿರುಗಿ, "ಕೊಡ್ತೀನಿ ಇರಮ್ಮ, ಟಿಕೇಟೇನ್ ಓಡೋಗಕಿಲ್ಲ," ಎಂದರು. ಮುಂದಿನ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗ ಇಳಿಯಬಹುದಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಹೊಳೆದದ್ದು ಒಂದೇ: ಇಳಿದರೆ ಸೀಟು ಹೋಗುತ್ತದಲ್ಲ! ಫೋನಿನಲ್ಲಿ ಮೇಘನಾ, "ಅಮ್ಮ, ಬಸ್ಸಲ್ಲೇ ಹೊರಟುಹೋದ್ಯಾ? ಇನ್ನು ಸ್ವಲ್ಪ ಹೊತ್ತಿಗೆ ನಾನ್‌ಸ್ಟಾಪ್ ಇದೆ, ಅದರಲ್ಲಿ ಬಂದು ಮೈಸೂರು ಸ್ಟ್ಯಾಂಡಲ್ಲಿ ಕಾಯ್ತೀನಿ. ಕೋಟು ಮಾತ್ರ ತಲುಪಿಸಮ್ಮಾ!" ಎಂದಳು.

ಕಿರುಗಾವಲಿನಲ್ಲಿ ಸೊಪ್ಪಿನ ಬುಟ್ಟಿಯೊಂದಿಗೆ ಒಬ್ಬ ಅಜ್ಜಿ ಹತ್ತಿ ನನ್ನ ಮುಂದೆ ನಿಂತಳು.

"ಈ ಸೀಟ್ಗೆ ಯಾರವ್ವ ಬತ್ತಾರೆ?"

"ನನ್ನ ಮಗಳು," ಎಂದೆ, ಅಭ್ಯಾಸಬಲದಿಂದ.

"ಎಲ್ಲವ್ಳೆ?"

ಸುಳ್ಳು ಹೇಳಬಾರದೆಂಬುದೂ ಕಾನ್ವೆಂಟಿನ ಪಾಠವೇ. "ಮಳವಳ್ಳಿಯಲ್ಲಿ," ಎಂದೆ.

"ಮಳವಳ್ಳೀಲಿರೋ ಮಗಳ್ಗೆ ಇಲ್ಲಿ ಸೀಟಾ? ಅವ್ಳೇನ್ ಆರ್ಕಂಡ್ ಬತ್ತಾಳಾ? ತಗಿಯವ್ವ ಚೀಲವ, ಮಂಡಿ ನೋಯ್ತವೆ," ಎಂದಳು ಅಜ್ಜಿ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಬನ್ನೂರಿನಲ್ಲಿ ಇಳಿಯುವವರೆಗೂ ಆಕೆ ಆಗಾಗ ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಮೇಘನಾ ನನಗಿಂತ ಮೊದಲೇ ಬಂದು ಕಾಯುತ್ತಿದ್ದಳು. ದಾರಿಯುದ್ದಕ್ಕೂ ನಿಂತು ಬಂದಿದ್ದಳು. ಜಡೆ ಕೂಡ ಕೆದರಿರಲಿಲ್ಲ. ಕೂತು ಬಂದ ನನ್ನ ಸೀರೆಯ ನೆರಿಗೆಯೇ ಬಿಚ್ಚಿತ್ತು. ಚೀಲ ತೆಗೆದುಕೊಂಡು, ಮಳವಳ್ಳಿ ಬಸ್ಸಿನ ಕಿಟಕಿಗೆ ತನ್ನ ದುಪಟ್ಟಾ ಎಸೆದು ನನ್ನನ್ನು ಹತ್ತಿಸಿ ಕೂರಿಸಿದಳು. ದುಪಟ್ಟಾ ಹೊದ್ದುಕೊಳ್ಳುತ್ತ ಹೇಳಿದಳು: "ಅಮ್ಮ, ನಾನು ಮನೆಯಿಂದಲೇ ಓಡಾಡ್ತೀನಿ. ಅಪ್ಪಂಗೆ ಸುಸ್ತಿಲ್ಲ ಅಂತ ನಾನೇ ಹೇಳ್ತೀನಿ. ಆದರೆ ಇನ್ಮೇಲೆ ನೀನು ಬಸ್ ಸ್ಟ್ಯಾಂಡಿಗೆ ಬರಬಾರದು." ಅವಳು ಮನೆಯಲ್ಲೇ ಇರಲಿ ಎಂದೇ ಇಷ್ಟು ದಿನ ನಾನು ಬಯಸಿದ್ದು. ಆದರೂ ಬನ್ನೂರು ದಾಟುವವರೆಗೆ ನನಗೆ ಸೋತಂತೆಯೇ ಅನಿಸುತ್ತಿತ್ತು.

ದಸರಾ ಕಳೆದಿದೆ. ಮಗಳು ಮನೆಯಲ್ಲೇ ಇದ್ದಾಳೆ. ನಾನು ಗೇಟಿನವರೆಗೆ ಮಾತ್ರ ಹೋಗುತ್ತೇನೆ. ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು: "ಬಸ್ಸಲ್ಲಿ ಒಬ್ಬರು ಸೊಪ್ಪಿನಜ್ಜಿ ಪರಿಚಯ ಆಗಿದ್ದಾರಮ್ಮ. ಬನ್ನೂರಲ್ಲಿ ಇಳಿಯುವಾಗ ದಿನಾ ಸೀಟು ನನಗೇ ಬಿಟ್ಟುಕೊಡ್ತಾರೆ. ಇವತ್ತು ಏನಂದ್ರು ಗೊತ್ತಾ? 'ಒಂದಿನ ಒಬ್ಬವ್ವ ಕುಂತಿದ್ಲು ಕಣಮ್ಮಿ, ಮಳವಳ್ಳೀಲಿ ಬುಟ್ ಬಂದಿರೋ ಮಗಳ್ಗೆ ಸೀಟ್ ಕಾಯ್ಕಂಡು! ತಲೆ ನೆಟ್ಗಿರ್ನಿಲ್ಲ ಅನ್ನುಸ್ತದೆ, ಪಾಪ' ಅಂದ್ರು."

ನನ್ನ ಕೈಯ ಸೌಟು ಅಲ್ಲೇ ನಿಂತಿತು. "ನೀನೇನು ಹೇಳಿದೆ?"

"ನಾನೇನು ಹೇಳಲಿ? ಮಗಳು ತುಂಬಾ ಒಳ್ಳೆಯವಳಿರಬೇಕು ಅಜ್ಜಿ, ಅಂದೆ."