ನೋರಾ ಅಜ್ಜಿಯ ತಗಡಿನ ಮಾಡು

ನಲವತ್ತು ದಾಟಿದ ಗಂಡಸಿಗೆ ಪರದೇಶದಲ್ಲಿ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಇಂಗ್ಲೆಂಡಿನ ಪಕ್ಕದ ಈ ದ್ವೀಪದ ರಾಜಧಾನಿಗೆ ಅಂಟಿಕೊಂಡ ಲೂಕನ್ನಿನಲ್ಲಿರುವ ನನ್ನ ಗೆಳೆಯರಲ್ಲಿ ಒಬ್ಬ ಬಿಗಿ ಚಡ್ಡಿ ಹಾಕಿಕೊಂಡು ಸೈಕಲ್ ತುಳಿಯುತ್ತಾನೆ. ಇನ್ನೊಬ್ಬ ಹಿತ್ತಲಲ್ಲಿ ಒಂದು ಹಿಡಿ ಮೆಂತ್ಯ ಬೆಳೆದು ಅದರ ಫೋಟೋವನ್ನು ಇಡೀ ಊರಿಗೆ ಕಳಿಸುತ್ತಾನೆ. ನನಗೆ ಹಿಡಿದದ್ದು ಜಲವರ್ಣದ ಹುಚ್ಚು. ನಾನಿರುವ ಅತ್ಲೋನ್ ಎಂಬ ಊರಿನಲ್ಲಿ ಅದಕ್ಕೆ ಬೇಕಾದ ನೀರನ್ನು ಆಕಾಶವೇ ಕೊಡುತ್ತದೆ, ಬರೆದದ್ದನ್ನು ಒಣಗಲು ಮಾತ್ರ ಬಿಡುವುದಿಲ್ಲ. ಶನಿವಾರ ಬಂತೆಂದರೆ ಹಳ್ಳಿಗಾಡಿನ ಹಳೇ ಸೇತುವೆ, ಮುರಿದ ಗೋಪುರ, ಪುಟ್ಟ ಮನೆ ಎಂದು ಅಲೆಯುತ್ತಿದ್ದೆ. ಕಣ್ಣಿಗೆ ಬಿದ್ದ ಮನೆ ಹೇಗೇ ಇರಲಿ, ನನ್ನ ಕಾಗದಕ್ಕೆ ಬರುವಷ್ಟರಲ್ಲಿ ಅದಕ್ಕೆ ಹುಲ್ಲಿನ ಮಾಡು, ಕೆಂಪು ಬಾಗಿಲು, ಗುಲಾಬಿ ಬಳ್ಳಿ, ಎರಡು ಕುರಿಮರಿ ಬಂದುಬಿಡುತ್ತಿದ್ದವು. ನಾನು ಬರೆದ ಮನೆಗಳಲ್ಲಿ ಯಾರೂ ವಾಸವಿರಲಿಲ್ಲ. ಇದ್ದಿದ್ದರೆ ಬಂದು ಜಗಳ ಆಡುತ್ತಿದ್ದರು. ಲೂಕನ್ನಿನ ಗೆಳೆಯರಂತೂ ಅವನ್ನು ಸೋಫಾದ ಮೇಲೆ ತೂಗುಹಾಕಿದರು. ಈ ದೇಶದ ಹಳ್ಳಿಯಲ್ಲಿ ಒಂದು ರಾತ್ರಿಯೂ ಮಲಗದವರು, "ಎಂಥಾ ನೆಮ್ಮದಿ ಐತಲ್ಲ ಗುರು" ಎಂದು ನಿಟ್ಟುಸಿರು ಬಿಟ್ಟರು. ನನಗೆ ಅಷ್ಟೇ ಸಾಕಾಯಿತು, ತಲೆ ತಿರುಗಿತು.

ಪಕ್ಕದ ಮನೆಯ ನೋರಾ ಅಜ್ಜಿ ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೂತಳು. ಅವಳ ಅಣ್ಣ ಮೈಕಲ್ ಬಾಸ್ಟನ್ನಿನಿಂದ ಬರುವವನಿದ್ದ. ಹೃದಯ ಸರಿಯಿಲ್ಲ, ಇದೇ ಕೊನೆಯ ಪ್ರಯಾಣ ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟಿದ್ದರಂತೆ. ಅಣ್ಣ ತಂಗಿ ಹುಟ್ಟಿದ ಮನೆಯನ್ನು ಕೆಡವಿ ಎಷ್ಟೋ ವರ್ಷವಾಗಿತ್ತು. ಉಳಿದಿದ್ದ ಒಂದೇ ಫೋಟೋದಲ್ಲಿ ಮುಂದೆ ಒಂದು ಕರು, ಅದರ ಹಿಂದೆ ಅರ್ಧ ಗೋಡೆ. "ಅವನು ಒಂದು ಸಲ ಆ ಮನೆ ನೋಡಿ ಹೋಗಬೇಕು. ಬೂದು ಗೋಡೆ, ಎರಡು ಕಿಟಕಿ, ತಗಡಿನ ಮಾಡು. ಇದ್ದ ಹಾಗೆ ಬರೆದುಕೊಡು, ಇದ್ದ ಹಾಗೆ" ಎಂದಳು. ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಉದ್ಯೋಗವೇನು ಗೊತ್ತೇ? ಗಿರಾಕಿ ಕೇಳಿದ್ದನ್ನೇ ಮಾಡಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುವುದು. ಗಂಭೀರವಾಗಿ ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ಪಾಪ, ಅಜ್ಜಿಗೆ ಕಲೆ ಗೊತ್ತಿಲ್ಲ, ತಗಡನ್ನು ಯಾರಾದರೂ ಬರೆಯುತ್ತಾರೆಯೇ ಎಂದುಕೊಂಡೆ.

ಹೊಂಬಣ್ಣದ ಹುಲ್ಲನ್ನು ಎಳೆ ಎಳೆಯಾಗಿ ಹೊದಿಸಿದೆ. ಇಲ್ಲೇ ಹುಟ್ಟಿದ ನನ್ನ ಮಗಳು ಬಗ್ಗಿ ನೋಡಿ, "ಅಬ್ಬಾ, ಇಟ್ಸ್ ಎ ಬಿಸ್ಕೆಟ್ ಟಿನ್!" ಎಂದಳು. ಇಲ್ಲಿನ ಬಿಸ್ಕತ್ತಿನ ಡಬ್ಬಿಗಳ ಮುಚ್ಚಳದ ಮೇಲೆ ಇಂಥದೇ ಮನೆ ಇರುತ್ತದೆ. ಮಕ್ಕಳ ಮಾತು ಯಾರು ಕೇಳುತ್ತಾರೆ? ಅಜ್ಜಿಯ ಮುಂದೆ ಚಿತ್ರ ಹಿಡಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಈ ಹುಲ್ಲು ಎಲ್ಲಿಂದ ಬಂತು?" ಎಂದಳು. ನಾನು ಹುಲ್ಲಿನ ಮಾಡು, ಅದರ ಸೊಬಗು, ನಿಮ್ಮ ಪರಂಪರೆ ಎಂದು ಒಂದು ಉಪನ್ಯಾಸವನ್ನೇ ಕೊಟ್ಟೆ. ಪೂರ್ತಿ ಕೇಳಿಸಿಕೊಂಡು ಅಜ್ಜಿ ಹೇಳಿದಳು: "ಆ ಹುಲ್ಲಿನ ನೀರು ನನ್ನ ಹಾಸಿಗೆ ಮೇಲೆ ಬೀಳುತ್ತಿತ್ತು. ತಗಡು ಹಾಕಿಸೋಕೆ ಅಪ್ಪ ಇಂಗ್ಲೆಂಡಿಗೆ ಹೋಗಿ ಎರಡು ಚಳಿಗಾಲ ರಸ್ತೆ ಅಗೆದ. ನೀನು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಕಿತ್ತು ಹಾಕಿದೆಯಲ್ಲ." ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ನನ್ನ ಹೆಂಡತಿ ಶಾಹೀನ್ ಬೆಂಗಳೂರಿನವಳು, ಬಾಯಿ ಕಟ್ಟಿ ಗೊತ್ತಿಲ್ಲ. "ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿದ್ರಂತೆ. ಹೇಳಿದ್ದಷ್ಟು ಮಾಡೋಕೆ ಏನ್ರೀ ಕಷ್ಟ ನಿಮಗೆ? ಆಯಮ್ಮನ ಮನೆ ವಿಷಯ ಆಯಮ್ಮಂಗೇ ಪಾಠ ಮಾಡ್ತೀರಲ್ಲ!"

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇಳಕಲ್ಲಿನ ನಮ್ಮ ಮನೆಯ ಮಣ್ಣಿನ ಮಾಳಿಗೆ ತೆಗೆಸಿ ಸಿಮೆಂಟಿನ ಸ್ಲ್ಯಾಬ್ ಹಾಕಿಸಿದಾಗ ನನ್ನ ಅಪ್ಪ ಬಂದ ನೆಂಟರನ್ನೆಲ್ಲ ಮೇಲೆ ಹತ್ತಿಸಿ, "ಕುಣೀರಿ, ಏನೂ ಆಗಂಗಿಲ್ಲ" ಎನ್ನುತ್ತಿದ್ದರು. ಬುರ್ಖಾ ಹಾಕಿದ ದೊಡ್ಡಮ್ಮನೂ ಎರಡು ಹೆಜ್ಜೆ ಕುಣಿಯಬೇಕಾಯಿತು. ಯಾರಾದರೂ ಚಿತ್ರಕಾರ ಬಂದು ಆ ಸ್ಲ್ಯಾಬಿನ ಜಾಗದಲ್ಲಿ ಮಣ್ಣು ಬಳಿದಿದ್ದರೆ ಅಪ್ಪ ಅವನನ್ನು ಏಣಿಯಿಂದ ಇಳಿಯಲು ಬಿಡುತ್ತಿರಲಿಲ್ಲ. ಸರಿ, ಮತ್ತೆ ಬರೆದೆ. ಈ ಸಲ ತಗಡೇ, ಆದರೆ ಹುಟ್ಟುಗುಣ ನೋಡಿ, ಅದಕ್ಕೆ ಅಂದವಾಗಿ ತುಕ್ಕು ಹಿಡಿಸಿದೆ. "ತುಕ್ಕೇ?" ಎಂದು ಅಜ್ಜಿ ಕೂಗಿಯೇಬಿಟ್ಟಳು. ಪಾದ್ರಿಗಳು ಮನೆಗೆ ಬಂದು ಪ್ರಾರ್ಥನೆ ನಡೆಸುವ ಮುಂಚೆ ಅವರಪ್ಪ ಪ್ರತಿಸಲವೂ ಮಾಡಿಗೆ ಕೆಂಪು ಬಣ್ಣ ಹೊಡೆಯುತ್ತಿದ್ದನಂತೆ. ಕೊನೆಗೆ ಬಾಯಿ ಮುಚ್ಚಿಕೊಂಡು ಬೂದು ಗೋಡೆ, ಎರಡು ಕಿಟಕಿ, ಕೆಂಪು ತಗಡು, ಇಷ್ಟೇ ಬರೆದೆ. ಫೋನಿನಲ್ಲಿ ಅದನ್ನು ನೋಡಿದ ಲೂಕನ್ನಿನ ಗೆಳೆಯ, "ಇದೇನ್ ಗುರು, ದನದ ಕೊಟ್ಟಿಗೆ ಬರೆದಿದ್ಯಾ?" ಎಂದ.

ಭಾನುವಾರ ಅಜ್ಜಿಯ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಮೈಕಲ್ ಕೋಲೂರಿಕೊಂಡು ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಮಾಡಿನ ತುದಿಯ ಮೇಲೆ ಬೆರಳಿಟ್ಟು, "ಈ ತಗಡಿಗೆ ಮೊದಲ ಮೊಳೆ ಹೊಡೆದವನು ನಾನು. ಅಪ್ಪ ಸುತ್ತಿಗೆ ನನ್ನ ಕೈಗೇ ಕೊಟ್ಟ, ನೋರಾ" ಎಂದ. ಅಜ್ಜಿ ಅವನ ತೋಳು ಹಿಡಿದುಕೊಂಡಳು. ಚಿತ್ರಕಾರನ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಇನ್ನು ಮೇಲೆ ಯಾರ ಮನೆಯ ಮೇಲೂ ಸುಳ್ಳು ಹುಲ್ಲು ಹೊದಿಸುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ. ಆಗ ಸ್ವೋರ್ಡ್ಸ್ ಎಂಬ ಊರಿನಿಂದ ಬಂದಿದ್ದ ಅಜ್ಜಿಯ ಸೋದರ ಸೊಸೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ಗ್ರ್ಯಾಂಡ್ ಆಗಿದೆ. ನಮ್ಮ ಹಾಲಿನ ಗೋಡೆಗೂ ಇದೇ ಮನೆ ಒಂದು ಬರೆದುಕೊಡ್ತೀರಾ? ತಗಡು ಮಾತ್ರ ಬೇಡ. ಹುಲ್ಲಿನ ಮಾಡು ಇರಲಿ, ಬಂದವರು ನೋಡ್ತಾರಲ್ಲ."

ಅಜ್ಜಿ ಎಲ್ಲಿದ್ದಾಳೆಂದು ಒಮ್ಮೆ ತಿರುಗಿ ನೋಡಿದೆ. ಆಮೇಲೆ ದನಿ ತಗ್ಗಿಸಿ ಕೇಳಿದೆ: "ಕುರಿಮರಿ ಎರಡು ಸಾಕೇ?"