ಅಳತೆಗೆ ನಿಂತ ಅತ್ತೆ

ನಮ್ಮ ಸೋದರಮಾವನ ಕಣ್ಣಿಗೆ ಮನುಷ್ಯರು ಕಾಣುವುದಿಲ್ಲ. ಡಾಕ್ಟರಿಗೆ ತೋರಿಸಿ ಎಂದು ಗಾಬರಿಪಡಬೇಡಿ, ದೃಷ್ಟಿ ಚುರುಕಾಗಿಯೇ ಇದೆ! ದೊಡ್ಡಬಳ್ಳಾಪುರದ ತಮ್ಮ ಮಗ್ಗದ ಮನೆಯಲ್ಲಿ ಒಂದು ಎಳೆ ಕಡಿದರೂ ಬಾಗಿಲಲ್ಲೇ ನಿಂತು ಕಂಡುಹಿಡಿಯುತ್ತಾರೆ. ಆದರೆ ಹೆಗಲಿಗೆ ಕ್ಯಾಮೆರಾ ಏರಿತೋ, ಆಮೇಲೆ ಅವರಿಗೆ ಕಾಣುವುದು ಕಂಬ, ಕಮಾನು, ಗೋಪುರ, ತಾರಸಿ, ಅಷ್ಟೆ.

ತೊಂಬತ್ತರ ದಶಕದ ಮಾತಿದು. ಕರೆಂಟು ದಿನವಿಡೀ ರಜೆ ಹಾಕಿದರೆ ಊರಿನ ಮಗ್ಗಗಳೆಲ್ಲ ಗಪ್‌ಚುಪ್. ಉಳಿದವರು ಸರ್ಕಾರವನ್ನು ಬೈಯುತ್ತಾ ಕೂತರೆ, ಮಾವ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಿವಗಂಗೆ ಬೆಟ್ಟಕ್ಕೆ ಹೊರಡುತ್ತಿದ್ದರು. ಬೆಟ್ಟದ ಹಳೆಯ ಮಂಟಪಗಳನ್ನೂ ತಪ್ಪಲಿನಲ್ಲಿ ಏಳುತ್ತಿದ್ದ ಹೊಸ ಮನೆಗಳನ್ನೂ ಫೋಟೋ ತೆಗೆದು ಆಲ್ಬಮ್ಮಿನಲ್ಲಿ ಜೋಡಿ ಮಾಡಿ ಅಂಟಿಸುವುದು ಅವರ ಹುಚ್ಚು.

ಅದಕ್ಕೆ ಅತ್ತೆ ಯಾಕೆ? ಅಳತೆಗೆ! "ಪಕ್ಕದಲ್ಲಿ ಒಬ್ರು ನಿಂತ್ರೆ ತಾನೇ ಕಂಬದ ಎತ್ತರ ಗೊತ್ತಾಗೋದು?" ಎನ್ನುವುದು ಮಾವನ ವಾದ. ಚಿತ್ರದಲ್ಲಿ ಅತ್ತೆ ಉಗುರಿನಷ್ಟು ಕಂಡರೆ ಹೆಚ್ಚು. "ಈ ಮಂಟಪ ಮೂರು ಅತ್ತೆ ಎತ್ತರ" ಎಂದು ನಾವೂ ಅಳೆಯತೊಡಗಿದೆವು. ಪಾಪ, ಅವರಿಗಿದ್ದದ್ದು ಒಂದೇ ಆಸೆ: ಮುಖ ಕಾಣುವ ಹಾಗೆ ಒಂದು ಫೋಟೋ.

"ಆಗ್ಲಿ ಕಣೇ, ರೀಲಿನ ಕೊನೇದು ನಿಂಗೇ" ಎನ್ನುತ್ತಿದ್ದರು ಮಾವ. ಕೊನೆಯದರ ಹೊತ್ತಿಗೆ ಯಾವುದೋ ಕಿಟಕಿ ಅಡ್ಡ ಬರುತ್ತಿತ್ತು.

ಸಾಲದ್ದಕ್ಕೆ, ಪ್ರತಿ ಸಲವೂ ಅತ್ತೆ ಅದೇ ಹಸಿರು ಸೀರೆಯನ್ನೇ ಉಡಬೇಕು. ಅಳತೆಗೋಲಿನ ಬಣ್ಣ ಬದಲಾಗಬಾರದಂತೆ! ಒಮ್ಮೆ ಸೀರೆ ಕೊಳ್ಳಲು ಬಂದ ವ್ಯಾಪಾರಿಯೊಬ್ಬರು ಆಲ್ಬಮ್ ತಿರುವಿ ಕನಿಕರದಿಂದ ಕೇಳಿದರು: "ಏನ್ ಸ್ವಾಮಿ, ಮನೇಲಿ ಇಷ್ಟು ಮಗ್ಗ ಓಡ್ತವೆ, ಅಮ್ಮಾವ್ರಿಗೆ ಒಂದೇ ಸೀರೇನಾ?" ಒಳಗಿಂದ ಅತ್ತೆ ಕೂಗಿದರು: "ಇನ್ನೊಂದ್ಸಲ ಕೇಳಿ, ಅವ್ರಿಗೆ ಕೇಳಿಸ್ಲಿಲ್ಲ!"

ಇನ್ನೊಂದು ದಿನ ತಪ್ಪಲಿನಲ್ಲಿ ಹೊಸ ಮನೆಯೊಂದು ಮಾವನಿಗೆ ಹಿಡಿಸಿತು. ಬಾಲ್ಕನಿಯ ಮೇಲೆ ಸಿಮೆಂಟಿನ ಕಮಲ, ಗೇಟಿಗೆ ಎರಡು ಸಿಂಹ. ಮನೆಯ ಯಜಮಾನರು ಹಿಗ್ಗಿ ಕಾಫಿ ಕೊಟ್ಟು, ಕೋಟು ತೊಟ್ಟು, ತಲೆ ಬಾಚಿ ಬಾಗಿಲ ಮುಂದೆ ನಿಂತರು. ಮಾವ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಯಜಮಾನ್ರೇ, ಒಂಚೂರು ಪಕ್ಕಕ್ಕೆ ಬನ್ನಿ. ಅಲ್ಲಿ ನಮ್ಮನೆಯವ್ಳು ನಿಂತ್ಕೋಬೇಕು" ಎಂದರು.

"ಮನೆ ಕಟ್ಸಿದೋನು ನಾನು, ನಿಂತ್ಕೊಳ್ಳೋದು ನಿಮ್ಮ ಹೆಂಡ್ತೀನಾ?"

ಕುಡಿದ ಕಾಫಿ ಜೀರ್ಣವಾಗುವ ಮೊದಲೇ ಸ್ಕೂಟರು ಡಾಬಸ್‌ಪೇಟೆ ದಾಟಿತ್ತಂತೆ!

ಹೀಗಿರುವಾಗ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಗಡ್ಡೆ ಇದೆ, ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಏನಾಗುತ್ತದೋ ಎಂಬ ಭಯ ಮನೆಯಲ್ಲಿ ಎಲ್ಲರಿಗೂ ಇತ್ತು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಕರೆಂಟು ಇದ್ದೇ ಇತ್ತು. ಆದರೂ ಮಾವ ಮಗ್ಗ ನಿಲ್ಲಿಸಿದರು.

"ಬಾರೇ, ಬೆಟ್ಟಕ್ಕೆ ಹೋಗ್ಬರೋಣ."

ನಾನು ಗೆಳೆಯನ ಕಾರು ತಂದು ಇಬ್ಬರನ್ನೂ ಕರೆದೊಯ್ದೆ. ತಪ್ಪಲಿನ ಮಂಟಪ ಸಿಕ್ಕಿದ್ದೇ ತಡ, ಹಸಿರು ಸೀರೆಯ ಅತ್ತೆ ಯಾರೂ ಹೇಳದೆಯೇ ಕಂಬದ ಪಕ್ಕ ನೆಟ್ಟಗೆ ನಿಂತುಬಿಟ್ಟರು. ಮಾವ ಕ್ಯಾಮೆರಾ ಎತ್ತಿದರು, ಇಳಿಸಿದರು. ಒಂದು ಹೆಜ್ಜೆ ಮುಂದೆ ಬಂದರು. ನಿಂತರು. ಮತ್ತೂ ಮುಂದೆ ಬಂದರು.

"ರೀ, ಇಷ್ಟು ಹತ್ರ ಬಂದ್ರೆ ಕಂಬ ಬೀಳಲ್ವಲ್ರೀ ಫೋಟೋದಲ್ಲಿ!"

"ಕಂಬ ಎಲ್ಲೂ ಹೋಗಲ್ಲ ಕಣೇ. ನೀನು ನನ್ನ ನೋಡು."

ಅತ್ತೆ ನೋಡಿದರು. ನನಗೆ ನೋಡುತ್ತಾ ನಿಲ್ಲಲಾಗಲಿಲ್ಲ, ಕಾರಿನ ಗಾಜು ಒರೆಸುವ ನೆಪದಲ್ಲಿ ಆಚೆ ಹೋದೆ.

ಅತ್ತೆ ಗುಣವಾಗಿ ಬಂದರು. ಅಷ್ಟು ವರ್ಷ ಮಾವ ಫೋಟೋದಲ್ಲಿ ಒಂದು ಗೋಪುರವನ್ನೂ ಅಲುಗಿಸಿದವರಲ್ಲ. ಅವರು ತೆಗೆದ ಚಿತ್ರಗಳಲ್ಲೆಲ್ಲ ಅಲುಗಿ ಮಸುಕಾಗಿರುವುದು ಅಂದಿನ ಅತ್ತೆಯ ಮುಖವೊಂದೇ. ಅವರು ಗೋಡೆಗೆ ಹಾಕಿರುವುದೂ ಅದೊಂದನ್ನೇ.